ಇನ್ವರ್ಟರ್ ಬ್ಯಾಟರಿ ಕೊಳ್ಳುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಹತ್ತಿರ ಬಂತು. ಶಿರಸಿ ಪೇಟೆಯಲ್ಲಿ ಬ್ಯಾಟರಿ ವಿಚಾರಿಸುತ್ತಿರುವವರು ಒಂದೇ ಅಂಗಡಿಯ ಮಾತು ಕೇಳಿ ಮುಂಗಡ ಕೊಡಬೇಡಿ. ಮೂರು ಕಡೆ ಕೇಳಿ, ಹುಬ್ಬಳ್ಳಿಗೂ ಒಂದು ಫೋನ್ ಹಾಕಿ. "150 ಎಎಚ್ ಟ್ಯೂಬ್ಯುಲರ್ ಎಷ್ಟು?" ಎಂದು ಬರೀ ಸಾಮರ್ಥ್ಯ (ಎಎಚ್) ಮತ್ತು ಬ್ಯಾಟರಿಯ ಬಗೆ (ಟ್ಯೂಬ್ಯುಲರ್) ಹೇಳಿದರೆ ಪ್ರಯೋಜನವಿಲ್ಲ, ಪೂರ್ತಿ ಮಾಡೆಲ್ ನಂಬರ್ ಹೇಳಿ. ಹಳೇ ಬ್ಯಾಟರಿ ಕೊಟ್ಟರೆ ಎಷ್ಟು, ಕೊಡದಿದ್ದರೆ ಎಷ್ಟು, ಜಿಎಸ್‌ಟಿ ಮತ್ತು ಸಾಗಾಟ ಸೇರಿದೆಯೇ, ಎಲ್ಲ ಬೇರೆ ಬೇರೆ ಬರೆದುಕೊಳ್ಳಿ. ಎಷ್ಟೋ ಸಲ ಅಗ್ಗವೆಂದು ಕಂಡ ದರದಲ್ಲಿ ಹಳೇ ಬ್ಯಾಟರಿಯ ಬೆಲೆ ಮೊದಲೇ ಕಳೆದಿರುತ್ತದೆ.

ವಾರಂಟಿ "36+24" ಎಂದಿದ್ದರೆ ಮೊದಲ 36 ತಿಂಗಳಷ್ಟೇ ಪುಕ್ಕಟೆ ಬದಲಿ. ಆಮೇಲಿನ 24 ತಿಂಗಳು ಹೊಸದರ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ ಮಾತ್ರ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಲೇಬೇಕು. ಇಲ್ಲದಿದ್ದರೆ "ಇದು ನಮ್ಮಲ್ಲಿ ಕೊಂಡಿದ್ದಲ್ಲ" ಎಂದು ತಿಂಗಳುಗಟ್ಟಲೆ ಓಡಾಡಿಸುತ್ತಾರೆ. ಬ್ಯಾಟರಿ ಮೇಲಿನ ನಂಬರಿಗೆ ಅಲ್ಲೇ ತಾಳೆ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ.

ಸತಾಯಿಸಿದರೆ ಬಾಯಿಜಗಳ ಬೇಡ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಅಲ್ಲೂ ಬಗೆಹರಿಯದಿದ್ದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ತಕರಾರು ಹುಟ್ಟಿದ 2 ವರ್ಷದೊಳಗೆ ದೂರು ಕೊಡಬೇಕು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ.