ಶಾಲಿನ ಬಣ್ಣಕ್ಕೆ ಕ್ಯಾಮೆರಾನ ಬೈದಿದ್ದು

ಮಾನ್ಯ ಸಂಪಾದಕರೇ,

ಹೋದ ವಾರದ ಪುರವಣಿಯಲ್ಲಿ ಯಾವ ಬ್ರಾಂಡಿನ ಕಲರ್ ಚೆನ್ನಾಗಿದೆ ಅಂತ ಎರಡು ಕ್ಯಾಮೆರಾದ ಫೋಟೋ ಪಕ್ಕಪಕ್ಕ ಹಾಕಿದ್ರಲ್ಲ, ಬೇಜಾರ್ ಮಾಡ್ಕೋಬೇಡಿ, ನೋಡಿ ನಗು ಬಂತು, ಪೇಪರಿನ ಮೇಲೆ ಎರಡೂ ಮುಖ ಒಂದೇ ಥರ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ವು. ಆದ್ರೂ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಅದನ್ನೇ ಇಟ್ಕೊಂಡು ಎರಡು ದಿನ ಜಗಳ. ಕ್ಯಾನನ್‌ನವರು ಸ್ಕಿನ್ ಟೋನ್ ಅಂದ್ರೆ ನಮ್ದೇ ಅಂತಾರೆ, ಸೋನಿಯವರು ಅದೆಲ್ಲ ಹಳೇ ಕಥೆ ಬಿಡ್ರಿ ಅಂತಾರೆ, ಮಧ್ಯೆ ಫ್ಯೂಜಿಯವರು ಹಳೇ ಫಿಲ್ಮ್ ರೀಲಿನ ಬಣ್ಣ ನಕಲು ಮಾಡೋ ಫಿಲ್ಮ್ ಸಿಮ್ಯುಲೇಶನ್ ಪುರಾಣ ಶುರು ಹಚ್ಕೋತಾರೆ.

ನಾನೂ ಹತ್ತು ವರ್ಷದಿಂದ ಒಂದೇ ಬ್ರಾಂಡಿಗೆ ಜೋತುಬಿದ್ದಿರೋನೇ. ನಿಜ ಹೇಳ್ಬೇಕಂದ್ರೆ ಅದು ಬಣ್ಣದ ಮೋಹ ಅಲ್ಲ, ಬ್ಯಾಗಲ್ಲಿರೋ ನಾಲ್ಕು ಲೆನ್ಸು. ಬೇರೆ ಬ್ರಾಂಡಿಗೆ ಹೋಗಿ ಮೌಂಟ್ (ಲೆನ್ಸ್ ಕೂರೋ ಬಾಯಿ) ಬದಲಾದ್ರೆ ಅವೆಲ್ಲ ಮಾರ್ಬೇಕು, ಅದನ್ನ ಒಪ್ಕೊಳ್ಳೋಕೆ ಮುಜುಗರ ಆಗಿ ನಮ್ ಕಂಪನಿ ಬಣ್ಣ ಕಟ್ಟೋ ರೀತಿನೇ ಬೇರೆ, ಕಲರ್ ಸೈನ್ಸ್ ಅಂತ ಹೇಳ್ಕೊಂಡು ಓಡಾಡ್ತೀವಿ ಅಷ್ಟೇ.

ಕ್ಯಾಮೆರಾದೊಳಗೆ ಬೆಳಕು ಹಿಡಿಯೋ ಸೆನ್ಸರ್‌ಗೆ ಬಣ್ಣ ಅಂದ್ರೇನು ಅಂತಾನೇ ಗೊತ್ತಿಲ್ಲ, ಬೆಳಕು ಎಷ್ಟು ಬಿತ್ತು ಅಂತ ಮಾತ್ರ ಗೊತ್ತು. ಅದರ ಮೇಲೆ ಪುಟ್ಟಪುಟ್ಟ ಫಿಲ್ಟರ್ ಕೂರಿಸಿರ್ತಾರೆ, ಬಹುಪಾಲು ಕ್ಯಾಮೆರಾಗಳಲ್ಲಿ ಕೊಡಾಕ್‌ನ ಬ್ರೈಸ್ ಬೇಯರ್‌ಗೆ 1976ರಲ್ಲಿ ಪೇಟೆಂಟ್ ಸಿಕ್ಕ ಜೋಡಣೆನೇ, ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಉಳಿದಿದ್ದೆಲ್ಲ, ಅಂದ್ರೆ ಅದರಿಂದ ಪೂರ್ತಿ ಬಣ್ಣ ಕಟ್ಟೋದು, ಲೆಕ್ಕ. ಆ ಲೆಕ್ಕದಲ್ಲಿ ಒಂದೊಂದು ಕಂಪನಿಗೆ ಒಂದೊಂದು ರುಚಿ ಇದೆ, ಇಲ್ಲ ಅನ್ನಲ್ಲ, ಆದ್ರೆ ಎಷ್ಟೋ ನಿಕಾನ್ ಫ್ಯೂಜಿಗಳ ಹೊಟ್ಟೆಯೊಳಗಿರೋದು ಸೋನಿ ಸೆನ್ಸರ್ರೇ, ಹಿಂಗಿರುವಾಗ ಯಾರು ಯಾರನ್ನ ಬೈತಿದಾರೋ.

ನಮ್ಮದೊಂದು ಕಿರುಚಿತ್ರದ ಶೂಟಿಂಗ್ ರಾತ್ರಿ. ನನ್ನ ಕ್ಯಾಮೆರಾ ಒಂದು, ಗೆಳೆಯನದು ಬೇರೆ ಬ್ರಾಂಡಿಂದು. ಸಾಸಿವೆ ಬಣ್ಣದ ಶಾಲು ಹೊದ್ಕೊಂಡು ಅಜ್ಜಿ ಪಾತ್ರದವರು ಕೂತಿದಾರೆ, ನನ್ನ ಮಾನಿಟರಲ್ಲಿ ಶಾಲು ಹಳದಿ, ಅವನದರಲ್ಲಿ ಪಾಚಿ ಹಿಡಿದ ಹಾಗೆ. ಅರ್ಧ ಗಂಟೆ ನಿಮ್ ಬ್ರಾಂಡು ನಮ್ ಬ್ರಾಂಡು ಅಂತ ಕಿತ್ತಾಡಿದ್ವಿ. ಕೊನೆಗೆ ಕಾಸ್ಟ್ಯೂಮ್ ನೋಡ್ಕೊಳ್ತಿದ್ದ ಹುಡುಗಿ ಬಂದು, ಅಣ್ಣಾ ಆ ಕಡೆಯಿಂದ ನೋಡಿದ್ರೆ ಬರಿಗಣ್ಣಿಗೂ ಹಸಿರಾಗೇ ಇದೆಯಲ್ಲ ಅಂದ್ಳು. ಅವನ ಕಡೆ ಒಂದು ಕಳಪೆ ಎಲ್‌ಇಡಿ ಟ್ಯೂಬ್ ಉರೀತಿತ್ತು, ಸಾಲದ್ದಕ್ಕೆ ಎರಡೂ ಕ್ಯಾಮೆರಾ ಯಾವುದು ಬಿಳಿ ಅಂತ ತಾವೇ ಊಹಿಸೋ ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ. ಟ್ಯೂಬ್ ಆರಿಸಿ ಎರಡನ್ನೂ ಹಳದಿ ಬಲ್ಬಿಗೆ ಹೊಂದೋ 3200 ಕೆಲ್ವಿನ್‌ಗೆ ಇಟ್ಟಿದ್ದೇ ತಡ, ವ್ಯತ್ಯಾಸ ಹೆಚ್ಚುಕಮ್ಮಿ ಮಾಯ, ಉಳಿದ ಚೂರುಪಾರು ಗ್ರೇಡಿಂಗಲ್ಲಿ, ಅಂದ್ರೆ ಆಮೇಲೆ ಕಂಪ್ಯೂಟರಲ್ಲಿ ಬಣ್ಣ ತಿದ್ದುವಾಗ, ಸರಿಹೋಯ್ತು.

ಆದ್ರೆ ಶಾಟ್ ಮಾತ್ರ ಇನ್ನೂ ಸಪ್ಪೆ! ಯಾಕಂದ್ರೆ ಗೋಡೆನೂ ತಿಳಿಹಳದಿ, ಶಾಲೂ ಹಳದಿ, ಬಲ್ಬೂ ಹಳದಿ, ಅಜ್ಜಿ ಮುಖ ಅದರೊಳಗೆ ಕರಗೇ ಹೋಗಿತ್ತು. ಅದೇ ಹುಡುಗಿ ಕಡುನೀಲಿ ಶಾಲು ಹೊದಿಸಿದ್ಳು ನೋಡಿ, ಮುಖದ ಸುಕ್ಕು ಸುಕ್ಕೂ ಎದ್ದು ಬಂತು. ಯಾವ ಬ್ರಾಂಡೂ ಆ ಕೆಲಸ ಮಾಡಲ್ಲ.

ಇದೇನು ಹೊಸ ವಿಷಯ ಅಲ್ಲ. 1930ರ ದಶಕದಲ್ಲಿ ಬಣ್ಣದ ಸಿನಿಮಾ ತಂತ್ರದ ಕಂಪನಿ ಟೆಕ್ನಿಕಲರ್‌ನವರು ತಮ್ಮ ಮೂರು ಫಿಲ್ಮ್ ಪಟ್ಟಿ ಒಟ್ಟಿಗೆ ಓಡಿಸೋ ಕ್ಯಾಮೆರಾನ ಸ್ಟುಡಿಯೋಗಳಿಗೆ ಮಾರ್ತಿರ್ಲಿಲ್ಲ, ಬಾಡಿಗೆಗೆ ಕೊಡೋರು, ಜೊತೆಗೆ ತಮ್ಮ ಜನಾನೂ ಬಂದು ಕೂರೋರು, ನಟಾಲಿ ಕಾಲ್ಮಸ್ ಅಂತ ಕಲರ್ ಸಲಹೆಗಾರ್ತಿ ಬಟ್ಟೆ, ಸೆಟ್ಟು ಯಾವ ಬಣ್ಣದ್ದಿರ್ಬೇಕು ಅಂತ ಹೇಳೋರು. ಕ್ಯಾಮೆರಾ ಮಾಡಿದ ಕಂಪನಿಗೇ ಬರೀ ಕ್ಯಾಮೆರಾ ಮೇಲೆ ನಂಬಿಕೆ ಇರ್ಲಿಲ್ಲ ಅಂದಂಗಾಯ್ತು. ಆಮೇಲೆ 2000ದಲ್ಲಿ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರಕ್ಕೆ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಹಸಿರು ತುಂಬಿದ್ದ ಬಯಲನ್ನ ಕಂಪ್ಯೂಟರಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿಸಿದ್ರು. ಫಿಲ್ಮಲ್ಲಿ ದಾಖಲಾಗಿದ್ದ ಹಸಿರೇ ಪರದೆ ಮೇಲೆ ಉಳೀಲಿಲ್ಲ.

ಕ್ಯಾಮೆರಾ ಕೊಳ್ಳೋರು ಏನಾದ್ರೂ ನೋಡ್ಲೇಬೇಕಂದ್ರೆ ಹೆಸರು ಬಿಟ್ಟು ಬಿಟ್ ನೋಡಲಿ. 8 ಬಿಟ್ಟಿನ ವಿಡಿಯೋದಲ್ಲಿ ಒಂದೊಂದು ಮೂಲಬಣ್ಣಕ್ಕೆ ತಿಳಿಯಿಂದ ಗಾಢಕ್ಕೆ 256 ಮೆಟ್ಟಿಲು, 10 ಬಿಟ್ಟಲ್ಲಿ 1024, ಗ್ರೇಡಿಂಗಲ್ಲಿ ಆಕಾಶದ ಬಣ್ಣ ಎಳೆದಾಡಿದಾಗ ಪಟ್ಟೆಪಟ್ಟೆಯಾಗಿ ಒಡೆಯೋದು ಹೆಚ್ಚಾಗಿ ಮೊದಲನೇದರಲ್ಲೇ.

ಮುಂದಿನ ಸಲ ಸಿನಿಮಾ ಬಣ್ಣದ ಬಗ್ಗೆ ಬರೆಸೋದಾದ್ರೆ ಕಾಸ್ಟ್ಯೂಮ್‌ನವರನ್ನ, ಆರ್ಟ್ ಡೈರೆಕ್ಟರನ್ನ ಮಾತಾಡ್ಸಿ ಬರೆಸಿ ಸರ್. ಮತ್ತೆ ಬ್ರಾಂಡ್ ಹೋಲಿಕೆನೇ ಹಾಕೋದಾದ್ರೆ ಕಪ್ಪುಬಿಳುಪಲ್ಲಿ ಹಾಕಿಬಿಡಿ, ಗ್ರೂಪಲ್ಲಿ ಎರಡು ದಿನ ಉಳಿಯುತ್ತೆ.

ಇಂತಿ,
ನಿಮ್ಮ ಹಳೇ ಓದುಗ