ಹತ್ತು ಗುಂಟೆಗೆ ಗಿಡ ತರುವ ಮುಂಚೆ

ಪ್ರೀತಿಯ ಗೆಳೆಯಾ,

ಪಾಂಡವಪುರದ ಹತ್ತಿರ ನಿಮ್ಮಪ್ಪ ಬಿಟ್ಟುಹೋದ ಹತ್ತು ಗುಂಟೆಗೆ ಹಣ್ಣಿನ ಗಿಡ ಹಾಕುತ್ತೇನೆ ಅಂದೆಯಲ್ಲ, ಅವತ್ತಿನಿಂದ ನನಗೆ ಅದೇ ಗುಂಗು. ಆದರೆ ರಸ್ತೆ ಬದಿಯಲ್ಲಿ ಆಳೆತ್ತರದ ಇಪ್ಪತ್ತು ಗಿಡಕ್ಕೆ 12,000 ರೂಪಾಯಿ ಕೇಳಿದ್ದಾರೆ ಅಂದಿದ್ದಕ್ಕೆ ಈ ಕಾಗದ. ಕೊಡಬೇಡ, ತಡಿ.

ನಾಲ್ಕು ವರ್ಷದ ಹಿಂದೆ ನಾನೂ ಮೈಸೂರಿನಲ್ಲಿ ರಸ್ತೆ ಬದಿಯಿಂದ ಆಳೆತ್ತರದ ಬಾದಾಮಿ ಮಾವು ತಂದಿದ್ದೆ. ಎರಡು ವರ್ಷ ನೀರು ಹಾಕಿದೆ, ಸರಿಯಾಗಿ ಚಿಗುರಲೇ ಇಲ್ಲ. ಒಣಗಿದ ಮೇಲೆ ಕಿತ್ತು ನೋಡಿದರೆ ತಾಯಿಬೇರು ಕವರಿನ ಆಕಾರಕ್ಕೇ ಸುತ್ತಿಕೊಂಡು ಸಿಂಬೆ ಹಾಗೆ ಕೂತಿತ್ತು. ಒಂದು ಬೇರೂ ಹೊಲದ ಮಣ್ಣಿಗೆ ಇಳಿದಿರಲಿಲ್ಲ. ಅದರ ಪಕ್ಕದಲ್ಲೇ ಸರ್ಕಾರಿ ಸಸ್ಯಾಗಾರದಿಂದ ತಂದ ಒಂದೂವರೆ ಅಡಿಯ ಮಲ್ಲಿಕಾ ಮಾವು ಇವತ್ತು ನನ್ನ ತಲೆ ಮೀರಿದೆ. ಗಿಡದ ಎತ್ತರಕ್ಕೆ ದುಡ್ಡು ಕೊಡೋದು ಸುಮ್ನೆ ದಂಡ.

ಎಲ್ಲ ಗಿಡಕ್ಕೂ ಕಸಿ ಬೇಕಿಲ್ಲ. ಮಾವು, ಸಪೋಟ, ಹಲಸು ಬೀಜದಿಂದ ಹಾಕಿದರೆ ತಾಯಿ ಮರದ ಹಣ್ಣೇ ಬರುತ್ತೆ ಅನ್ನೋ ನಂಬಿಕೆ ಇಲ್ಲ, ಕಾಯೋದೂ ಜಾಸ್ತಿ. ಅವಕ್ಕೆ ಕಸಿ ಗಿಡಾನೇ ತಗೋ. ನಿಂಬೆ ಮಾತ್ರ ಬೀಜದ ಸಸಿಯಾದರೂ ಹೆಚ್ಚಾಗಿ ತಾಯಿಯ ಹಾಗೇ ಬರುತ್ತೆ. ಪರಂಗಿಗೆ ಬೀಜ ಸಾಕು. ಬಾಳೆಗೆ ನೆಂಟರ ತೋಟದ ಕಂದು, ಅಂದರೆ ಬುಡದಲ್ಲಿ ಏಳುವ ಮರಿ ಸಾಕು, ಆದರೆ ಸೊರಗು ರೋಗ ಬಂದ ತೋಟದ್ದು ಬೇಡ. ನಂಜನಗೂಡು ರಸಬಾಳೆಯನ್ನು ಹಾಳುಮಾಡಿದ್ದೇ ಆ ರೋಗ, ಅದು ಕಂದಿನ ಜೊತೆಗೇ ಬರುತ್ತೆ.

ಕಸಿ ಗಿಡಕ್ಕೆ ಮೊದಲು ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳು, ಅವರ ಸಸ್ಯಾಗಾರದಲ್ಲಿ ಯಾವುದಿದೆ ಅಂತ ಹೇಳುತ್ತಾರೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲೂ ವಿಚಾರಿಸು. ನನಗಂತೂ ಆ ಒಂದು ಬಾದಾಮಿಯ ದುಡ್ಡಿಗೆ ಆರು ಕಸಿ ಗಿಡ ಬಂದವು. ಬೇಲಿ ಸಾಲಿಗೆ ನೇರಳೆ, ನೆಲ್ಲಿ ಬೇಕಿದ್ದರೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರ ಇದೆ. ಪಹಣಿ ತೋರಿಸಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ಬರೆಸು. ಯೋಜನೆಗೆ ಸೇರಿದ ಗಿಡ ಬದುಕಿದರೆ ಮೂರು ವರ್ಷ ಪ್ರೋತ್ಸಾಹಧನವನ್ನೂ ಕೊಡುತ್ತಾರೆ.

ಗಿಡ ಆರಿಸುವಾಗ ಅವಸರ ಬೇಡ. ಬುಡದಿಂದ ಸ್ವಲ್ಪ ಮೇಲೆ ಕಸಿ ಕಟ್ಟಿದ ಗಂಟು ಇರುತ್ತೆ, ಅದರ ಮೇಲೆ ಬೆರಳಾಡಿಸಿ ನೋಡು. ಸಂದಿ ಬಿಟ್ಟಿರಬಾರದು. ಚಿಗುರೆಲ್ಲ ಗಂಟಿನ ಮೇಲಿಂದಲೇ ಬಂದಿರಬೇಕು. ಕೆಳಗಿಂದ ಬಂದಿದ್ದರೆ ಅದು ವಾಟೆ ಗಿಡದ, ಅಂದರೆ ಕಸಿ ಕಟ್ಟೋಕೆ ಬುಡವಾಗಿ ಬಳಸಿದ ಬೀಜದ ಗಿಡದ ಚಿಗುರು. ಅದನ್ನು ಚಿವುಟದೆ ಹಾಗೇ ಬಿಟ್ಟರೆ ಕಸಿ ಸೊರಗಿ, ನೀನು ಕಾಡುಮಾವಿಗೆ ನೀರು ಹಾಕುತ್ತಿರುತ್ತೀಯ. ಕವರಿನ ತಳದಿಂದ ದಪ್ಪ ಬೇರು ಹೊರಗೆ ಬಂದಿದ್ದರೆ ಆ ಗಿಡ ಬೇಡ. ನೆಡುವಾಗ ಗಂಟು ಮಣ್ಣಿನ ಮೇಲೇ ಇರಲಿ, ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಬಿಚ್ಚೋದು ಮರೆಯಬೇಡ.

ಇನ್ನೊಂದು ಮಾತು. ನಿನ್ನದು ನಾಲೆ ಬಯಲು, ಪಕ್ಕದ ಗದ್ದೆ ನೀರು ಬಸಿದು ಬರುತ್ತೆ ಅಲ್ವಾ? ನೀರು ನಿಂತರೆ ಪರಂಗಿ ಎರಡೇ ದಿನದಲ್ಲಿ ಕೊಳೆಯಬಹುದು. ಮೊದಲು ಬಸಿಗಾಲುವೆ ತೆಗೆಸು, ಗಿಡ ಆಮೇಲೆ. ಮಾವಿಗೆ ಮೂರಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡು. ಆರಿದ್ರಾ ಮಳೆ ಹಿಡಿದ ಮೇಲೆ ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಕಲಸಿ ನೆಡೋಣ.

ಸೀಬೆಗೆ ಮಾತ್ರ ದುಡ್ಡು ಖರ್ಚು ಮಾಡಬೇಡ. ನಮ್ಮ ಹಿತ್ತಿಲ ಸೀಬೆ ನಿನಗೆ ಇಷ್ಟ. ಅದರ ಪೆನ್ಸಿಲ್ ದಪ್ಪದ ನಾಲ್ಕು ಕೊಂಬೆಗೆ ಒಂದಂಗುಲ ಸಿಪ್ಪೆಯನ್ನು ಬಳೆಯ ಹಾಗೆ ಸುಲಿದು, ಒದ್ದೆ ತೆಂಗಿನ ನಾರಿನ ಪುಡಿ ಇಟ್ಟು, ಪ್ಲಾಸ್ಟಿಕ್ ಸುತ್ತಿ ಗೂಟಿ ಕಟ್ಟಿದ್ದೇನೆ. ನಿನ್ನೆ ಸಂಜೆ ನೋಡಿದೆ, ಒಂದರಲ್ಲಿ ಬಿಳಿ ಬೇರು ಪ್ಲಾಸ್ಟಿಕ್‌ಗೆ ಒತ್ತಿಕೊಂಡು ಕಾಣುತ್ತಿದೆ. ಇನ್ನೆರಡು ವಾರ ಬಿಟ್ಟು ಕತ್ತರಿಸಿ ಕವರಿಗೆ ಹಾಕುತ್ತೇನೆ. ಒಂದು ತಿಂಗಳು ನೆರಳಿನಲ್ಲಿ ಸುಧಾರಿಸಿಕೊಳ್ಳಲಿ. ಆಮೇಲೆ ನೀನೇ ಬಂದು ನಾಲ್ಕನ್ನೂ ತಗೊಂಡು ಹೋಗು. ಅಮ್ಮನನ್ನೂ ಕರೆದುಕೊಂಡು ಬಾ.

ನಿನ್ನ ಗೆಳೆಯ