ಮಾಡಿನ ಒಳಮೂಲೆಗೆ ಇನ್ಮೇಲೆ ಗಾರೆ ತುಂಬಲ್ಲ, ಯಾಕೆ ಅಂತ ಹೇಳ್ತೀವಿ

ನಮಸ್ಕಾರ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಈ ಬೇಸಿಗೇಲಿ ಹಳೆ ಹೆಂಚು ಇಳಿಸಿ ಮಾಡು, ಅಂದ್ರೆ ಮನೆಯ ಇಳಿಜಾರು ಚಾವಣಿ, ಹೊಸದಾಗಿ ಮಾಡಿಸ್ಬೇಕು ಅಂತ ನಮಗೆ ಹೇಳಿಟ್ಟಿರೋ ಎಲ್ಲರಿಗೂ ಈ ಪತ್ರ. ಎಸ್ಟಿಮೇಟ್ ಆಗಲೇ ತಗೊಂಡೋರೂ ದಯವಿಟ್ಟು ಓದಿ, ಅದರಲ್ಲಿ ಒಂದು ಐಟಂ ಬದಲಾಗ್ತಿದೆ.

ಎಲ್ ಆಕಾರದ ಮನೆಗಳಲ್ಲಿ ಎರಡು ಮಾಡು ಕೂಡೋ ಒಳಮೂಲೆ ಇರುತ್ತಲ್ಲ, ಇಂಜಿನಿಯರ್‌ಗಳು ವ್ಯಾಲಿ ಅಂತಾರೆ, ಅಲ್ಲಿ ಇಷ್ಟು ವರ್ಷ ನಾವು ಎರಡು ಥರ ಮಾಡ್ತಿದ್ವಿ. ಒಂದು, ಎರಡೂ ಕಡೆ ಹೆಂಚು ಕತ್ತರಿಸಿ ಹತ್ತಿರಕ್ಕೆ ತಂದು ನಡುವೆ ಸಿಮೆಂಟ್ ಗಾರೆ ತುಂಬೋದು, ನೀರು ಹರಿದು ಹೋಗೋಕೆ ಮೂಲೆ ಉದ್ದಕ್ಕೂ ಹಾಕಿರೋ ತಗಡು ಅಡಿಯಲ್ಲಿ ಮುಚ್ಚಿಹೋಗುತ್ತೆ. ಇನ್ನೊಂದು, ಎರಡೂ ಕಡೆ ಹೆಂಚನ್ನ ಸ್ವಲ್ಪ ಹಿಂದಕ್ಕೆ ನಿಲ್ಲಿಸಿ ತಗಡು ಮೇಲಿಂದ ಕಾಣೋ ಹಾಗೆ ಬಿಡೋದು. ನೋಡೋಕೆ ಮೊದಲನೇದೇ ಚಂದ, ಜಾಸ್ತಿ ಜನ ಕೇಳೋದೂ ಅದನ್ನೇ. ಆದರೆ ಈ ಸೀಸನ್ನಿಂದ ಗಾರೆ ತುಂಬೋದನ್ನ ಪೂರ್ತಿ ನಿಲ್ಲಿಸಿದೀವಿ.

ಕಳೆದ ಮಳೆಗಾಲದಲ್ಲಿ ನಾವೇ ಮಾಡಿಕೊಟ್ಟ ಮನೆಯೊಂದರಲ್ಲಿ ದೇವರ ಕೋಣೆ ಗೋಡೆ ಮೇಲೆ ನೀರಿಳೀತಿದೆ ಅಂತ ಫೋನ್ ಬಂತು, ಹೋಗಿ ಬಿಚ್ಚಿ ನೋಡಿದ್ರೆ ಒಂದು ಹೆಂಚೂ ಒಡೆದಿರ್ಲಿಲ್ಲ, ಗಾರೆ ಬಿರುಕು ಬಿಟ್ಟು ಅದರೊಳಗೆ ಹಲಸಿನೆಲೆ ಪಾಚಿ ಎಲ್ಲ ಕೊಳೆತು ಕೂತಿತ್ತು, ಕೆಳಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು ಗಾರೆ ತಾಗಿದ ಉದ್ದಕ್ಕೂ ತುಕ್ಕು ಹಿಡಿದು ತೂತಾಗಿತ್ತು. ನಮ್ಮ ಖರ್ಚಲ್ಲೇ ಸರಿ ಮಾಡಿಕೊಟ್ವಿ, ಆದ್ರೆ ಆ ಮನೆಯವರು ಮಳೆಗಾಲ ಪೂರ್ತಿ ಬಕೆಟ್ ಇಟ್ಕೊಂಡು ಕಳೆದದ್ದು ಮನಸ್ಸಿಂದ ಹೋಗ್ತಿಲ್ಲ.

ಯೋಚಿಸಿ ನೋಡಿ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಕಾರ್ಖಾನೆ ಹಾಕಿ ಶುರು ಮಾಡಿದ ಈ ಮಂಗಳೂರು ಹೆಂಚಿನ ಶಕ್ತಿ ಇರೋದೇ ಒಂದಕ್ಕೊಂದು ಕಚ್ಚಿಕೊಳ್ಳೋದ್ರಲ್ಲಿ, ಒಳಮೂಲೇಲಿ ಕತ್ತರಿಸಿದ ತಕ್ಷಣ ಆ ಕಚ್ಚು ಹೋಯ್ತು. ಮೇಲಾಗಿ ಎರಡೂ ಮಾಡು 30 ಡಿಗ್ರಿ ಇಳಿಜಾರು ಇದ್ರೂ ಅವು ಕೂಡೋ ಮೂಲೆ ಬರೀ 22 ಡಿಗ್ರಿ ಆಗುತ್ತೆ, ಅಂದ್ರೆ ನೀರು ಜಾಸ್ತಿ ಬರೋ ಜಾಗದಲ್ಲೇ ಇಳಿಜಾರು ಕಮ್ಮಿ. ಒಂದು ಮೂಲೆಗೆ 40 ಚದರ ಮೀಟರ್ ಮಾಡಿನ ನೀರು ಬರುತ್ತೆ ಅಂತ ಇಟ್ಕೊಳ್ಳಿ, ಗಂಟೆಗೆ 100 ಮಿಲಿಮೀಟರ್ ಲೆಕ್ಕದಲ್ಲಿ ಹೊಡೆದ್ರೆ 4000 ಲೀಟರ್. ನಮ್ಮ ಕಡೆ ಆಷಾಢದ ಮಳೆ ಹೇಗಿರುತ್ತೆ ಅಂತ ನಿಮಗೆ ಹೇಳೋದು ಬೇಡ.

ಹಾಗಾಗಿ ಇನ್ಮೇಲೆ ನಡುವೆ 6 ಇಂಚು ತೆರೆದಿರುತ್ತೆ, ತಗಡು ಎರಡೂ ಕಡೆ ಹೆಂಚಿನಡಿಗೆ ಕನಿಷ್ಠ 6 ಇಂಚು ಹೋಗುತ್ತೆ, ಅಂಚು ಮೇಲಕ್ಕೆ ಮಡಚಿರುತ್ತೆ. ತಗಡಿನ ಮಧ್ಯ ಉದ್ದಕ್ಕೂ ಒಂದು ಏಣು, ಅಂದ್ರೆ ಉಬ್ಬು ಮಡಿಕೆ, ಎಬ್ಬಿಸ್ತೀವಿ, ಇದು ಬಹಳ ಮುಖ್ಯ, ದೊಡ್ಡ ಮಾಡಿಂದ ರಭಸವಾಗಿ ಬಂದ ನೀರು ಎದುರಿನ ಚಿಕ್ಕ ಮಾಡಿನ ಹೆಂಚಿನಡಿ ನುಗ್ಗದ ಹಾಗೆ ಅದೇ ತಡೆಯೋದು. ಕತ್ತರಿಸಿದ ಚಿಕ್ಕ ಚೂರುಗಳನ್ನ ತೂತು ಹಾಕಿ ಸ್ಟೀಲ್ ತಂತಿಯಿಂದ ರೀಪಿಗೆ (ಹೆಂಚು ಕೂರೋ ಪಟ್ಟಿಗೆ) ಕಟ್ತೀವಿ, ಮಂಗ ಹಾರಿದ್ರೂ ಜಾರಲ್ಲ. ತಗಡಿನ ಮಧ್ಯ ಒಂದೂ ಮೊಳೆ ಬರಲ್ಲ.

ತಗಡು ಯಾವುದು ಅಂತ ನೀವೇ ಆರಿಸ್ಬಹುದು. ಕಲರ್ ಕೋಟೆಡ್ ಶೀಟ್ ಹೆಂಚಿನ ಬಣ್ಣಕ್ಕೇ ಸಿಗುತ್ತೆ, ಚಂದ ಬೇಕು ಅನ್ನೋರಿಗೆ ಅದು. ನಮ್ಮನ್ನ ಕೇಳಿದ್ರೆ ದಪ್ಪ ಅಲ್ಯೂಮಿನಿಯಂ ಹಾಕಿಸಿ ಅಂತೀವಿ, ತುಕ್ಕಿನ ಚಿಂತೆ ಇಲ್ಲ, ಆದರೆ ಅದಕ್ಕೆ ಹಸಿ ಸಿಮೆಂಟ್ ತಾಗಲೇಬಾರದು, ಮುಂದೆ ಬೇರೆ ಮೇಸ್ತ್ರಿ ಬಂದು ಇಲ್ಲಿ ಸ್ವಲ್ಪ ಗಾರೆ ಮೆತ್ತಿಬಿಡೋಣ ಅಂದ್ರೆ ಬಿಡಬೇಡಿ.

ಖರ್ಚು ಸ್ವಲ್ಪ ಜಾಸ್ತಿ ಬರುತ್ತೆ, ಶೀಟಿನ ಅಂಗಡಿ ಬಿಲ್ಲನ್ನೇ ನಿಮ್ಮ ಕೈಗೆ ಕೊಡ್ತೀವಿ, ಮಜೂರಿ ಹಳೇದೇ. ಮೊದಲು ನಮ್ಮಿಂದ ಗಾರೆ ತುಂಬಿಸಿಕೊಂಡೋರು ಫೋನ್ ಮಾಡಿ, ಮಳೆ ಹಿಡಿಯೋದ್ರೊಳಗೆ ಒಂದ್ಸಲ ಏಣಿ ಹಾಕಿ ನೋಡಿ ಹೋಗ್ತೀವಿ, ಅದಕ್ಕೆ ದುಡ್ಡು ತಗೊಳ್ಳಲ್ಲ.

ಇಂತಿ,
ನಿಮ್ಮ ಹೆಂಚಿನ ಕೆಲಸದವರು